ಯಾವ ಪೋರ್ಚುಗೀಸು?

ನಲವತ್ತು ದಾಟಿದ ಮನುಷ್ಯ ವೀಣೆ ಕಲಿಯುತ್ತೇನೆಂದರೆ ಜನ ಮೆಚ್ಚುತ್ತಾರೆ. ಯೋಗಾಸನ ಕಲಿಯುತ್ತೇನೆಂದರೆ ತಾವೂ ಜೊತೆಗೆ ಬರುತ್ತೇವೆನ್ನುತ್ತಾರೆ. ಪೋರ್ಚುಗೀಸು ಕಲಿಯುತ್ತೇನೆಂದರೆ ಮಾತ್ರ ಒಂದು ಗಳಿಗೆ ಸುಮ್ಮನಿದ್ದು, ಮನೆಯಲ್ಲೆಲ್ಲ ಕ್ಷೇಮವಷ್ಟೆ ಎಂದು ವಿಚಾರಿಸುತ್ತಾರೆ. ಕಾಲೇಜಿನಲ್ಲಿ ಕುಮಾರವ್ಯಾಸನ ಪಾಠ ಹೇಳಿಕೊಂಡಿರುವವನಿಗೆ ಈ ಉಸಾಬರಿ ಏಕೆ ಬೇಕಿತ್ತು? ಕಾರಣಗಳು ಎರಡಿದ್ದವು, ಮತ್ತು ಎರಡಕ್ಕೂ ಪರಸ್ಪರ ಆಗುತ್ತಿರಲಿಲ್ಲ.

ಮೊದಲನೆಯದು ಹಳೆಯ ಗೀಳು. ನಾನು ಧಾರವಾಡದವನು, ಮೈಸೂರಿಗೆ ಬಂದು ಹದಿನೆಂಟು ವರ್ಷವಾಯಿತು. ಬಂದ ಹೊಸತರಲ್ಲಿ ತರಗತಿಯಲ್ಲಿ 'ಪಗಾರ' ಎಂದೆ, ಹುಡುಗರು ನಕ್ಕರು. ಇವರದು ಸಂಬಳ, ನಮ್ಮದು ಪಗಾರ; ಇವರದು ಬೀಗದ ಕೈ, ನಮ್ಮದು ಚಾವಿ; ಇವರದು ಆಲೂಗಡ್ಡೆ, ನಮ್ಮದು ಬಟಾಟಿ; ಇವರು ಹರಾಜು ಹಾಕುವುದನ್ನು ನಾವು ಲಿಲಾವು ಮಾಡುತ್ತೇವೆ. ಆಮೇಲೆ ನೋಡಿದರೆ ಹುಡುಗರು ನಕ್ಕ ನಾಲ್ಕೂ ಮಾತು ಪೋರ್ಚುಗೀಸಿನವು! ಹಡಗಿನಲ್ಲಿ ಗೋವೆಗೆ ಬಂದು, ಮರಾಠಿಯ ಮನೆ ಹೊಕ್ಕು, ಘಟ್ಟ ಹತ್ತಿ ನಮ್ಮ ಅಂಗಳಕ್ಕೆ ಬಂದವು. ಅವುಗಳ ತವರು ನೋಡಬೇಕೆಂಬ ಆಸೆ ಅಂದಿನಿಂದಲೂ ಇತ್ತು. ಲಿಸ್ಬನ್ನಿನಲ್ಲಿ ಅಚ್ಚಾದ ಒಂದು ಹಳೆಯ ಪಾಠಪುಸ್ತಕವನ್ನು ಪಣಜಿಯಿಂದ ತಂದೂ ಇಟ್ಟಿದ್ದೆ.

ಎರಡನೆಯ ಕಾರಣಕ್ಕೆ ಐದು ವರ್ಷ. ಅಕ್ಕನ ಮಗಳು ಬ್ರೆಜಿಲ್ಲಿನ ಸಾವೊ ಪಾಲೊದಲ್ಲಿದ್ದಾಳೆ, ಗಂಡ ಅಲ್ಲಿಯವನೇ. ಅವರ ಮಗನಿಗೆ ಪೋರ್ಚುಗೀಸು ಬಿಟ್ಟು ಬೇರೆ ಮಾತಿಲ್ಲ. ಧಾರವಾಡದಲ್ಲಿ ಒಬ್ಬಳೇ ಇರುವ ಅಕ್ಕ ಭಾನುವಾರ ಸಂಜೆ ಆರೂವರೆಗೆ ಫೋನಿನಲ್ಲಿ ಮೊಮ್ಮಗನ ಮುಖ ನೋಡುತ್ತಾಳೆ. ಅಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಅವನು ಮಾತಾಡುತ್ತಾನೆ, ಇವಳು ನಗುತ್ತಾಳೆ. "ಮಗಳು ತಿಳಿಸಿ ಹೇಳತಾಳ ಖರೆ, ಅರ್ಧಾನ ಹೇಳತಾಳ. ತಮ್ಮಾ, ನೀ ಭಾಷಾದಾಂವ. ಅಂವಾ ಏನಂತಾನ ಅಂತ ಕಲ್ತು ಹೇಳು" ಎಂದಳು.

ಈಗ ಯಾವುದನ್ನು ಕಲಿಯುವುದು? ಪೋರ್ಚುಗಲ್ಲಿನಲ್ಲಿ ಈ ಭಾಷೆಯನ್ನಾಡುವವರು ಸುಮಾರು 1 ಕೋಟಿ. 1822ರಲ್ಲಿ ಅದರಿಂದ ಕೈ ಬಿಡಿಸಿಕೊಂಡ ಬ್ರೆಜಿಲ್ಲಿನ ಜನಸಂಖ್ಯೆ 20 ಕೋಟಿ. ಬರೆಯುವ ರೀತಿಯಾದರೂ ಒಂದಾಗಲೆಂದು 1990ರಲ್ಲಿ ಎಲ್ಲರೂ ಕೂಡಿ ಒಪ್ಪಂದ ಮಾಡಿಕೊಂಡರು. ಕಾಗುಣಿತ ಮುಕ್ಕಾಲು ಪಾಲು ಒಂದಾಯಿತು, ಬಾಯಿ ಒಂದಾಗಲಿಲ್ಲ. ಲಿಸ್ಬನ್ನಿನವರು ಸ್ವರಗಳನ್ನು ನುಂಗುತ್ತಾರೆ; ಬ್ರೆಜಿಲ್ಲಿನವರು ಬಾಯ್ತುಂಬ ಆಡುತ್ತಾರೆ. ಬೆಳಗಿನ ನಮಸ್ಕಾರ ಲಿಸ್ಬನ್ನಿನಲ್ಲಿ 'ಬೋಂ ದೀಯ', ಸಾವೊ ಪಾಲೊದಲ್ಲಿ 'ಬೋಂ ಜೀಯ'. ಬಸ್ಸು ಒಂದು ಕಡೆ 'ಔತೊಕಾರ್ರು', ಇನ್ನೊಂದು ಕಡೆ 'ಓನಿಬುಸ್'. 'ಪ್ರೊಪೀನ' ಎಂದರೆ ಪೋರ್ಚುಗಲ್ಲಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಕಟ್ಟುವ ಶುಲ್ಕ, ಬ್ರೆಜಿಲ್ಲಿನಲ್ಲಿ ಲಂಚ. ನಮ್ಮ ಕಡೆ ಈ ಎರಡು ಅರ್ಥಗಳ ನಡುವೆ ಅಷ್ಟು ದೊಡ್ಡ ಸಮುದ್ರವೇನೂ ಇಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ನಾನು ಹೇಳಲಿಲ್ಲ.

ಕನ್ನಡ ಪಂಡಿತನ ಬುದ್ಧಿ ಲಿಸ್ಬನ್ನಿನ ಕಡೆ ವಾಲುವುದು ಸಹಜ. ಹಳಗನ್ನಡ ಓದಿದವನಿಗೆ ನಡುಗನ್ನಡ ತಾನಾಗಿ ಬರುತ್ತದೆಂದು ನಾವೇ ವಿದ್ಯಾರ್ಥಿಗಳಿಗೆ ಹೇಳುತ್ತೇವಲ್ಲ. ಹಾಗೆಯೇ ಬೇರನ್ನು ಹಿಡಿದರೆ ಕೊಂಬೆ ಕೈಗೆ ಸಿಗದೆ ಎಲ್ಲಿ ಹೋಗುತ್ತದೆ? ಆ ಗೆಳೆಯರೂ ಇದನ್ನೇ ಅನುಮೋದಿಸಿ, "ಬ್ರೆಜಿಲ್ಲಿನದು ಕೆಟ್ಟುಹೋದ ಪೋರ್ಚುಗೀಸು ಕಣ್ರೀ, ಶುದ್ಧವಾದದ್ದು ಕಲೀರಿ" ಎಂದರು. ನನಗೆ ಸಿಟ್ಟು ಬಂತು. ಆ ದನಿ ಹದಿನೆಂಟು ವರ್ಷದಿಂದ ಕೇಳಿದ ದನಿ. ಪ್ರತಿವರ್ಷ ಒಬ್ಬನಾದರೂ ವಿದ್ಯಾರ್ಥಿ, ಬಹಳ ವಿನಯದಿಂದ, "ಸಾರ್, ನಿಮ್ಮ ಕಡೆಯದು ಶುದ್ಧ ಕನ್ನಡ ಅಲ್ಲ ಅಲ್ವೇ?" ಎಂದು ಕೇಳುತ್ತಾನೆ.

ಶುದ್ಧವನ್ನು ಹುಡುಕುತ್ತ ಹೊರಟರೆ ಎಲ್ಲಿಗೆ ಮುಟ್ಟುತ್ತೇವೆ ನೋಡಿ. 'ಚಾವಿ'ಯನ್ನೇ ತೆಗೆದುಕೊಳ್ಳೋಣ. ಈ ಶಬ್ದವನ್ನು ಲಿಸ್ಬನ್ನಿನವರು ಇಂದು 'ಶಾವ್' ಎನ್ನುತ್ತಾರೆ, ಬ್ರೆಜಿಲ್ಲಿನವರು 'ಶಾವಿ'. 16ನೆಯ ಶತಮಾನದಲ್ಲಿ, ಗೋವೆಗೆ ಹಡಗು ಬಂದ ಕಾಲದಲ್ಲಿ, ಅಲ್ಲಿ ಇದ್ದದ್ದು ಸಾಕ್ಷಾತ್ ಚಕಾರ. ಲಿಸ್ಬನ್ನೂ ಬ್ರೆಜಿಲ್ಲೂ ಕಳೆದುಕೊಂಡ ಆ ಚಕಾರ ಹುಬ್ಬಳ್ಳಿಯ ಬೀಗದಂಗಡಿಯಲ್ಲಿ ಸುಖವಾಗಿದೆ! ಸ್ವರ ನುಂಗುವುದು ಕೂಡ ಪೋರ್ಚುಗಲ್ಲಿನಲ್ಲಿ ಆ ಹಡಗುಗಳ ಕಾಲದ ಅನಂತರ ಬೆಳೆದ ಅಭ್ಯಾಸವೆಂದು ಭಾಷಾಶಾಸ್ತ್ರದವರ ಮತ. ಹಾಗಾದರೆ ಆ ನಾವಿಕರ ಮಾತಿನ ಸ್ವರಗಳು ಇಂದು ಹೆಚ್ಚು ಕೇಳಿಸುವುದು ಲಿಸ್ಬನ್ನಿನ ಬೀದಿಯಲ್ಲಲ್ಲ, ಬ್ರೆಜಿಲ್ಲಿನ ಸಂತೆಯಲ್ಲಿ. ತವರು ತವರಲ್ಲೇ ಇರುತ್ತದೆಂದು ಯಾರು ಹೇಳಿದರು?

ಇಷ್ಟೆಲ್ಲ ತರ್ಕ ಮಾಡಿದರೂ ಮನಸ್ಸು ಒಂದು ಕಡೆ ನಿಂತದ್ದು ದಸರೆ ರಜೆಗೆ ಧಾರವಾಡಕ್ಕೆ ಹೋದಾಗ. ಭಾನುವಾರ ಫೋನಿನಲ್ಲಿ ಹುಡುಗ ಕಾಣಿಸಿದವನೇ "ವೊವೊ" ಎಂದು ಕೂಗಿದ. ಅಕ್ಕ ನನ್ನತ್ತ ತಿರುಗಿ, "ದಿನಾ ಹೀಂಗ ಅಂತಾನ ನೋಡು. ನಾಯಿ ಗೀಯಿ ಸಾಕ್ಯಾರೇನು?" ಎಂದಳು. ನನ್ನ ಲಿಸ್ಬನ್ನಿನ ಪುಸ್ತಕದಲ್ಲಿ ಅಜ್ಜಿಗೆ ಇದ್ದದ್ದು 'ಅವೊ'. ಬ್ರೆಜಿಲ್ಲಿನ ಮಕ್ಕಳು ಅದನ್ನೇ 'ವೊವೊ' ಎನ್ನುತ್ತಾರೆ. ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಎರಡು ವರ್ಷದಿಂದ ಅವನು ಅಜ್ಜಿ ಎಂದು ಕರೆಯುತ್ತಿದ್ದಾನೆ, ಇವಳು ನಾಯಿ ಎಂದುಕೊಂಡಿದ್ದಾಳೆ.

ಇನ್ನೂ ಒಂದು ಸೂಕ್ಷ್ಮವಿದೆ. ಅಜ್ಜಿಗೂ ಅಜ್ಜನಿಗೂ ಆ ಭಾಷೆಯಲ್ಲಿ ಇರುವ ಭೇದ ಕಡೆಯ ಒಕಾರದಲ್ಲಿ ಮಾತ್ರ. ಬಾಯಿ ಕೊಂಚ ಅಗಲವಾಗಿ ತೆರೆದರೆ ಅಜ್ಜಿ, ದುಂಡಗೆ ಮಾಡಿದರೆ ಅಜ್ಜ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ. ಅಂದು ಹುಡುಗ ಮಾತಿನ ನಡುವೆ ಬೆರಳು ಚಾಚಿ ಮತ್ತೊಮ್ಮೆ "ವೊವೊ" ಎಂದ. ಅಕ್ಕ ತನ್ನನ್ನೇ ಕರೆದನೆಂದು ನಕ್ಕಳು. ಈ ಸಲ ಬಾಯಿ ದುಂಡಗಾಗಿತ್ತು. ಅವಳ ಹಿಂದೆ ಗೋಡೆಯ ಮೇಲೆ ಭಾವನ ಪಟವಿದೆ. ಭಾವ ತೀರಿಕೊಂಡು ಆರು ವರ್ಷ. ಮೊಮ್ಮಗನನ್ನು ಅವರು ನೋಡಲಿಲ್ಲ. ಇದನ್ನು ಅಕ್ಕನಿಗೆ ಹೇಳಲು ನನಗೆ ರಾತ್ರಿ ಊಟ ಮುಗಿಯುವವರೆಗೆ ಬೇಕಾಯಿತು.

ಲಿಸ್ಬನ್ನಿನ ಪುಸ್ತಕ ಈಗ ಕಪಾಟಿನಲ್ಲಿದೆ. ನಿವೃತ್ತಿಯಾದ ಮೇಲೆ ನೋಡಿಕೊಳ್ಳೋಣ. ಬರುವ ಭಾನುವಾರಕ್ಕೆ ಅಕ್ಕ ಒಂದು ವಾಕ್ಯ ಕೇಳಿದ್ದಳು: "ನಾಷ್ಟಾ ಆತೇನು?" ನಾಷ್ಟಾಕ್ಕೆ ಪೋರ್ಚುಗಲ್ಲಿನವರು 'ಚಿಕ್ಕ ಊಟ' ಎಂದರೆ ಬ್ರೆಜಿಲ್ಲಿನವರು 'ಬೆಳಗಿನ ಕಾಫಿ' ಎನ್ನುತ್ತಾರೆ. ಆದ್ದರಿಂದ ಅಲ್ಲಿಯ ರೂಢಿಯಂತೆ "ಕಾಫಿ ಕುಡಿದೆಯಾ?" ಎಂದು ಕೇಳಬೇಕು ಎಂದೆ. ಅಕ್ಕ ಒಪ್ಪಲಿಲ್ಲ. "ಐದು ವರ್ಷದ ಕೂಸಿಗೆ ಕಾಫಿ ಕುಡದ್ಯಾ ಅಂತ ಕೇಳತಾರೇನೋ? ಹಾಲು ಅಂತ ಬರಕೊಡು."

ಹಾಲಿಗೆ ಲಿಸ್ಬನ್ನಿನಲ್ಲಿ 'ಲೈತ್', ಸಾವೊ ಪಾಲೊದಲ್ಲಿ 'ಲೇಚಿ'. ಲೇಚಿ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.