ನಮ್ಮ ಬೀದಿಯ ಪಟ್ಟಿ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳುವಾಗ ಮಾರುವವರು ಒಂದು ಕಟ್ಟು ಕಾಗದ ಕೈಗಿಡುತ್ತಾರೆ. ಈ ಜಾಗ ಪ್ರವಾಹದ ವಲಯದಲ್ಲಿದೆಯಾ, ಕಾಡ್ಗಿಚ್ಚಿನ ವಲಯದಲ್ಲಿದೆಯಾ, ಭೂಕಂಪದ ಬಿರುಕಿನ ವಲಯದಲ್ಲಿದೆಯಾ ಅಂತ ಒಂದೊಂದಕ್ಕೂ ಹೌದು, ಇಲ್ಲ ಎಂಬ ಗುರುತು ಇರುತ್ತದೆ. ಫ್ರೀಮಾಂಟಿನಲ್ಲಿ ನಾವು ಕೊಂಡ ಮನೆಯ ಅಡಿಯಲ್ಲಿ ಬಿರುಕಿಲ್ಲ. ಅದಿರೋದು ನಾಲ್ಕು ಬೀದಿ ಆಚೆ. ಅದರ ಹೆಸರು ಹೇವರ್ಡ್ ಫಾಲ್ಟ್. ನಾವು ಸಂಜೆ ವಾಕಿಂಗ್ ಹೋಗುವ ಎಲಿಜಬೆತ್ ಕೆರೆಯ ಪಾರ್ಕಿನಲ್ಲೂ ಅದು ಹಾದು ಹೋಗುತ್ತದೆ.

ಈ ಸುದ್ದಿ ಕೇಳಿ ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ, "ದುಡ್ಡು ಕೊಟ್ಟು ಅಂಥಾ ಜಾಗ ಯಾರಾದ್ರೂ ತಗೋತಾರೇನೇ?" ಅಂದರು. ಅಮ್ಮನಿಗೆ ಭೂಕಂಪ ಅಂದರೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಹಳ್ಳಿಗಳ ಮೇಲೆ ಕಲ್ಲು ಮಣ್ಣಿನ ಗೋಡೆಗಳು ಕುಸಿದು ಸುಮಾರು ಹತ್ತು ಸಾವಿರ ಜನ ಸತ್ತರು. "ಇಲ್ಲಿ ಮರದ ಮನೆ ಕಣಮ್ಮ, ಬಳುಕುತ್ತೆ, ಅಷ್ಟು ಸುಲಭಕ್ಕೆ ಬೀಳಲ್ಲ" ಅಂತ ಸಮಾಧಾನ ಹೇಳಿದೆ. ಸುಳ್ಳಲ್ಲ. ಆದರೆ ಪೂರ್ತಿ ಸಮಾಧಾನವೂ ಅಲ್ಲ. ಇವರ ಕೆಲಸ, ಮಕ್ಕಳ ಶಾಲೆ, ಕನ್ನಡ ಮಾತಾಡುವ ನಾಲ್ಕು ಮನೆ, ಎಲ್ಲ ಈ ಬಿರುಕಿನ ಅಕ್ಕಪಕ್ಕದಲ್ಲೇ ಇರುವಾಗ ಹೋಗುವುದಾದರೂ ಎಲ್ಲಿಗೆ?

ಹೇವರ್ಡ್ ಬಿರುಕು ದೊಡ್ಡದಾಗಿ ಅಲುಗಿದ್ದು 1868ರ ಅಕ್ಟೋಬರ್ 21ರಂದು. ಆಗ ಸುಮಾರು ಮೂವತ್ತು ಜನ ಸತ್ತರು. ನಮ್ಮೂರಿನ ಹಳೆಯ ಮಿಷನ್ ಸ್ಯಾನ್ ಹೊಸೆ ಚರ್ಚ್ ನೆಲಕ್ಕುರುಳಿತು. 1906ರವರೆಗೂ ಜನ ಅದನ್ನೇ 'ದೊಡ್ಡ ಭೂಕಂಪ' ಅನ್ನುತ್ತಿದ್ದರು. ಆಮೇಲೆ ಆ ಹೆಸರನ್ನು ಕೊಲ್ಲಿಯ ಆಚೆ ಕಡೆಯ ಅಣ್ಣ, ಸ್ಯಾನ್ ಆಂಡ್ರಿಯಾಸ್ ಫಾಲ್ಟ್, ಕಿತ್ತುಕೊಂಡಿತು.

ಈ ಅಣ್ಣನ ಕಥೆ ಸರಳ. ಪೆಸಿಫಿಕ್ ಫಲಕ ವಾಯವ್ಯಕ್ಕೆ ಜರುಗುತ್ತಲೇ ಇರುತ್ತದೆ, ಹೆಚ್ಚುಕಮ್ಮಿ ನಮ್ಮ ಉಗುರು ಬೆಳೆಯುವ ವೇಗದಲ್ಲಿ. ಬಿರುಕಿನ ಎರಡು ಅಂಚುಗಳು ಮಾತ್ರ ಒಂದಕ್ಕೊಂದು ಕಚ್ಚಿಕೊಂಡು ನಿಂತಿರುತ್ತವೆ. ನೆಲ ಬಿಲ್ಲಿನಂತೆ ಬಾಗುತ್ತಾ, ಬಾಗುತ್ತಾ, ಒಂದು ದಿನ ಹಿಡಿತ ತಪ್ಪಿ ಚಿಮ್ಮುತ್ತದೆ. 1906ರ ಏಪ್ರಿಲ್ 18, ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಆದದ್ದು ಇದೇ. ಸುಮಾರು 470 ಕಿಲೋಮೀಟರ್ ಉದ್ದಕ್ಕೆ ನೆಲ ಸೀಳಿತು. ಪಾಯಿಂಟ್ ರೇಯಸ್ ಹತ್ತಿರ ನೇರವಾಗಿದ್ದ ಒಂದು ಬೇಲಿ ತುಂಡಾಗಿ, ಅರ್ಧ ಭಾಗ 15 ಅಡಿಗೂ ಹೆಚ್ಚು ಪಕ್ಕಕ್ಕೆ ಹೋಗಿ ನಿಂತಿತ್ತು. ಇಂಥ ಜರುಗುವಿಕೆಗಳನ್ನೆಲ್ಲ ಅಳೆದೇ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ ಭೂಕಂಪ ಹೇಗಾಗುತ್ತದೆ ಅನ್ನುವ ಸಿದ್ಧಾಂತ ಕೊಟ್ಟಿದ್ದು.

ನಡುಗಿದ್ದು ಒಂದು ನಿಮಿಷದಷ್ಟು. ಸ್ಯಾನ್ ಫ್ರಾನ್ಸಿಸ್ಕೋ ಉರಿದದ್ದು ಮೂರು ದಿನ. ಗ್ಯಾಸ್ ಕೊಳವೆ ಒಡೆದು ಬೆಂಕಿ, ನೀರಿನ ಕೊಳವೆ ಒಡೆದು ಆರಿಸಲು ನೀರಿಲ್ಲ. ಅಗ್ನಿಶಾಮಕ ದಳದ ಮುಖ್ಯಸ್ಥ ಡೆನಿಸ್ ಸಲಿವನ್ ಮೊದಲ ಹೊಡೆತಕ್ಕೇ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡರು. ಬೆಂಕಿಗೆ ತಡೆಯಾಗಲಿ ಅಂತ ಡೈನಮೈಟ್ ಇಟ್ಟು ಮನೆಗಳನ್ನು ಉರುಳಿಸಿದರೆ, ಅದರಿಂದಲೇ ಹೊಸ ಬೆಂಕಿ ಹತ್ತಿತು. ಯಾರೋ ಹೆಂಗಸು ಬೆಳಗಿನ ತಿಂಡಿಗೆ ಒಲೆ ಹಚ್ಚಿದಳಂತೆ, ಚಿಮಣಿ ಬಿರುಕು ಬಿಟ್ಟಿದ್ದು ಗೊತ್ತಿರಲಿಲ್ಲ. ಆ ಬೆಂಕಿಗೆ 'ಹ್ಯಾಮ್ ಅಂಡ್ ಎಗ್ಸ್ ಬೆಂಕಿ' ಅಂತಲೇ ಹೆಸರು. ನಾಲ್ಕು ಲಕ್ಷ ಜನರ ಊರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು.

ಸತ್ತವರೆಷ್ಟು? ಆಗಿನ ಅಧಿಕೃತ ಲೆಕ್ಕ ಐನೂರನ್ನೂ ಮುಟ್ಟುವುದಿಲ್ಲ. ಬಂಡವಾಳ ಹೂಡುವವರು ಹೆದರಬಾರದಲ್ಲ! 'ಭೂಕಂಪ' ಅನ್ನದೆ 'ಬೆಂಕಿ' ಅನ್ನಿ ಅಂತ ಊರಿನ ವ್ಯಾಪಾರಸ್ಥರು ಪಟ್ಟು ಹಿಡಿದಿದ್ದರು. ಬೆಂಕಿ ಯಾವ ಊರಿಗಾದರೂ ಬೀಳುತ್ತದೆ, ಭೂಕಂಪದ ಊರು ಅನ್ನಿಸಿಕೊಂಡರೆ ಯಾರು ಬರುತ್ತಾರೆ? ಎಷ್ಟೋ ದಶಕಗಳಾದ ಮೇಲೆ ಗ್ಲ್ಯಾಡಿಸ್ ಹ್ಯಾನ್ಸನ್ ಎಂಬ ಊರಿನ ಲೈಬ್ರೇರಿಯನ್ ಹಳೆಯ ಪತ್ರ, ಪತ್ರಿಕೆ, ದಾಖಲೆ ಹುಡುಕುತ್ತಾ ಒಂದೊಂದೇ ಹೆಸರು ಸೇರಿಸುತ್ತಾ ಹೋದರು. ಸತ್ತವರು ಮೂರು ಸಾವಿರ, ಅಥವಾ ಅದಕ್ಕೂ ಹೆಚ್ಚು ಅಂತ ಇವತ್ತು ಎಲ್ಲರೂ ಒಪ್ಪಿರುವುದಕ್ಕೆ ಆಕೆಯೇ ಕಾರಣ. ಹಳೆಯ ಲೆಕ್ಕದಲ್ಲಿ ಬಿಟ್ಟುಹೋದವರು ಯಾರು? ಬಾಡಿಗೆ ಕೋಣೆಗಳಲ್ಲಿದ್ದ ಬಡವರು, ವಲಸೆ ಬಂದವರು, ಚೈನಾಟೌನಿನ ಜನ. ಇದ್ದಾಗಲೇ ಯಾರೂ ಎಣಿಸದವರನ್ನು ಸತ್ತ ಮೇಲೆ ಯಾರು ಎಣಿಸುತ್ತಾರೆ?

ಇನ್ನೊಂದು ವಿಚಿತ್ರ ನೋಡಿ. ಆ ಬೆಂಕಿಯಲ್ಲಿ ಊರಿನ ಜನನ ದಾಖಲೆಗಳೂ ಸುಟ್ಟವು. 1882ರ ಕಾನೂನು ಚೀನೀ ಕೂಲಿಗಳು ಈ ದೇಶಕ್ಕೆ ಬರುವುದನ್ನೇ ನಿಷೇಧಿಸಿತ್ತು. ದಾಖಲೆ ಬೂದಿಯಾದ ಮೇಲೆ ಎಷ್ಟೋ ಚೀನೀಯರು "ನಾನು ಹುಟ್ಟಿದ್ದು ಇಲ್ಲೇ" ಅಂದರು. ಅಲ್ಲ ಅನ್ನಲು ಸರ್ಕಾರದ ಹತ್ತಿರ ಕಾಗದವಿಲ್ಲ. ಹಾಗೆ ಪೌರರಾದವರು ಊರಿನಿಂದ ತಮ್ಮ ಮಕ್ಕಳನ್ನು, ಜೊತೆಗೆ ಬೇರೆಯವರ ಮಕ್ಕಳನ್ನೂ 'ನನ್ನ ಮಗ' ಅಂತ ಬರೆಸಿ ಕರೆಸಿಕೊಂಡರು. ಕಾಗದದ ಮಕ್ಕಳು! ಏಂಜೆಲ್ ದ್ವೀಪದಲ್ಲಿ ಅಧಿಕಾರಿಗಳು ಅವರನ್ನು ಕೂರಿಸಿಕೊಂಡು ನಿಮ್ಮ ಮನೆಗೆ ಮೆಟ್ಟಿಲೆಷ್ಟು, ಬಾವಿ ಯಾವ ಕಡೆಗಿದೆ ಅಂತ ಗಂಟೆಗಟ್ಟಲೆ ಕೇಳುತ್ತಿದ್ದರಂತೆ. ನಮ್ಮ ಪಕ್ಕದ ಮನೆಯ ಚೀನೀ ಅಜ್ಜಿ ಒಮ್ಮೆ ನಿಂಬೆಹಣ್ಣು ಕೊಡಲು ಬಂದವರು ಹೇಳಿದರು: "ನಮ್ಮ ಮನೆತನದ ಹೆಸರು ನಮ್ಮದಲ್ಲ. ನನ್ನ ಅಪ್ಪ ಕಾಗದದಲ್ಲಿ ಬೇರೆಯವರ ಮಗ." ಅಪ್ಪ ಸಾಯುವ ಕಾಲಕ್ಕೆ ನಿಜವಾದ ಹೆಸರನ್ನು ಕಿವಿಯಲ್ಲಿ ಹೇಳಿದರಂತೆ.

ಅವತ್ತು ರಾತ್ರಿ ನಮ್ಮ ಭೂಕಂಪದ ಚೀಲ ತೆಗೆದು ನೋಡಿದೆ. ಬಾಗಿಲ ಹತ್ತಿರ ಇಂಥದ್ದೊಂದು ಚೀಲ ಇಡಿ ಅಂತ ಇಲ್ಲಿ ಎಲ್ಲರಿಗೂ ಹೇಳುತ್ತಾರೆ. ನೀರು, ಟಾರ್ಚು, ಔಷಧಿ, ಗ್ಯಾಸ್ ತಿರುಗಿಸುವ ಪಾನಾ. ನಮ್ಮ ಚೀಲದಲ್ಲಿ ಅರ್ಧ ಜಾಗ ಹಿಡಿದಿದ್ದು ಕಾಗದ. ಪಾಸ್‌ಪೋರ್ಟು, ವೀಸಾ, ಗ್ರೀನ್ ಕಾರ್ಡಿನ ಅರ್ಜಿ, ಮದುವೆ ಸರ್ಟಿಫಿಕೇಟು. ವಲಸೆ ಬಂದವರಿಗೆ ಕಾಗದವೇ ಪ್ರಾಣ. ಅವರಿಗೆ ಕಾಗದ ಸುಟ್ಟಿದ್ದರಿಂದ ಬದುಕು ಸಿಕ್ಕಿತು, ನಮಗೆ ಕಾಗದ ಸುಟ್ಟರೆ ಬದುಕೇ ಇಲ್ಲ ಅನ್ನಿಸುತ್ತದೆ.

ಆದರೆ ಅವಶೇಷದಡಿಯಿಂದ ಕಾಗದ ಯಾರನ್ನೂ ಎಳೆದು ತೆಗೆಯುವುದಿಲ್ಲ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ 63 ಜನ ಸತ್ತರು. ಅವರಲ್ಲಿ 42 ಜನ ಸತ್ತಿದ್ದು ಓಕ್‌ಲ್ಯಾಂಡಿನ ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿಯೊಂದರಲ್ಲೇ. ಮೇಲಿನ ರಸ್ತೆ ಕೆಳಗಿನ ರಸ್ತೆಯ ಮೇಲೆ ಕುಸಿದಾಗ ಏಣಿ, ಹಗ್ಗ ಹಿಡಿದು ಮೊದಲು ಹತ್ತಿದವರು ಅದರ ಪಕ್ಕದ ಬಡ ಬೀದಿಗಳ ಜನ. ಸೈರನ್ ಬರುವ ಮೊದಲು ಪಕ್ಕದ ಮನೆಯವರು ಬರುತ್ತಾರೆ. ಅವರು ಬರಬೇಕಾದರೆ ಒಳಗೆ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರಬೇಕು.

ನಮ್ಮ ಬೀದಿಯಲ್ಲೇ ನೋಡಿ. ಬೇಸಿಗೆ ಬಂತೆಂದರೆ ಅರ್ಧ ಮನೆಗಳಲ್ಲಿ ಇಂಡಿಯಾದಿಂದ ಬಂದ ಅಪ್ಪ ಅಮ್ಮ ಇರುತ್ತಾರೆ, ಆರು ತಿಂಗಳ ವಿಸಿಟರ್ ವೀಸಾ ಮೇಲೆ. ಮಗ ಸೊಸೆ ಆಫೀಸಿಗೆ, ಮಕ್ಕಳು ಶಾಲೆಗೆ. ಹಗಲಿಡೀ ಮನೆಯಲ್ಲಿ ಆ ಇಬ್ಬರೇ. ಮನೆಪತ್ರದಲ್ಲಿ ಅವರ ಹೆಸರಿಲ್ಲ, ಶಾಲೆಯ ಪುಸ್ತಕದಲ್ಲಿಲ್ಲ, ಜನಗಣತಿಯಲ್ಲಿಲ್ಲ. ಫೋನಿಗೆ ಎಚ್ಚರಿಕೆ ಬಂದರೂ ಅದು ಅವರ ಭಾಷೆಯದಲ್ಲ. ಹೇವರ್ಡ್ ಬಿರುಕು ಒಂದು ಮಂಗಳವಾರ ಮಧ್ಯಾಹ್ನ ಅಲುಗಿದರೆ, ಆ ಬಾಗಿಲು ತಟ್ಟಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಹಾಗಾಗಿ ನಾವು ಹನ್ನೊಂದು ಮನೆಯವರು ಸೇರಿ ಒಂದು ಪಟ್ಟಿ ಮಾಡಿದ್ದೇವೆ. ಯಾವ ಮನೆಯಲ್ಲಿ ಹಗಲು ಯಾರಿರುತ್ತಾರೆ, ಯಾವ ಕೋಣೆಯಲ್ಲಿ ಮಲಗುತ್ತಾರೆ, ಯಾವ ಭಾಷೆ ಮಾತಾಡುತ್ತಾರೆ, ಗ್ಯಾಸ್ ಮೀಟರ್ ಯಾವ ಗೋಡೆಗಿದೆ. ಊರಿನಿಂದ ಯಾರಾದರೂ ಬಂದರೆ ಸೇರಿಸುತ್ತೇವೆ, ಹೋದರೆ ಹೊಡೆದು ಹಾಕುತ್ತೇವೆ. ಚೀನೀ ಅಜ್ಜಿ ತಮ್ಮ ಸಾಲಿನಲ್ಲಿ ಎರಡು ಹೆಸರು ಬರೆದಿದ್ದಾರೆ, ಕಾಗದದ್ದು ಮತ್ತು ನಿಜದ್ದು.

ಮುಂದಿನ ತಿಂಗಳು ಅಮ್ಮ ಬರುತ್ತಿದ್ದಾರೆ. ಏಳನೇ ಮನೆ, ಹಿಂದಿನ ಕೋಣೆ, ಕನ್ನಡ, ಎಡಗಿವಿ ಸ್ವಲ್ಪ ಮಂದ ಅಂತ ಈಗಲೇ ಬರೆದಿಟ್ಟಿದ್ದೇನೆ.