ಕೃತ್ತಿಕೆ ಕಳೆದು ರೋಹಿಣಿ ಕೂಡುವಾಗ

ಬೆಂಗಳೂರಿನ ಬೇಸಿಗೆ ಮುಂಗಾರಿನ ತನಕ ತಡೆದು ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಧಗಧಗಿಸಿ, ಮೇ ತಿಂಗಳಲ್ಲೇ ಸಂಜೆಯ ಗುಡುಗುಮಳೆಗೆ ತಲೆಬಾಗುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದ ಹಿರಿಯರು ಹೊಲ ನೋಡಿ ಆ ಮಾತು ಆಡಿದರು. ತಾರಸಿಯ ಮೇಲೆ ನಾಲ್ಕಾರು ಕುಂಡ ಇಟ್ಟುಕೊಂಡ ನನಗೂ ಅದು ಅಷ್ಟೇ ನಿಜ. ಕೃತ್ತಿಕೆ ಕಳೆದು ರೋಹಿಣಿ ಕೂಡುವ ಈ ದಿನಗಳಷ್ಟು ನನಗೆ ಪ್ರಿಯವಾದ ಕಾಲ ವರ್ಷದಲ್ಲಿ ಮತ್ತೊಂದಿಲ್ಲ.

ರಾತ್ರಿ ಮಳೆ ಸುರಿದ ಮರುದಿನ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಬೇಕು. ಗುಲ್‌ಮೊಹರ್ ಎಸಳುಗಳು ಒದ್ದೆ ನೆಲಕ್ಕೆ ಅಂಟಿಕೊಂಡಿರುತ್ತವೆ. ಉದುರಿದ ಒಂದು ಹೂವನ್ನು ಎತ್ತಿ ನೋಡಿ: ಐದು ಎಸಳುಗಳಲ್ಲಿ ನಾಲ್ಕು ಅಪ್ಪಟ ಕೆಂಪು, ಐದನೆಯದಕ್ಕೆ ಮಾತ್ರ ಬಿಳಿ, ಹಳದಿಯ ಮೇಲೆ ಕೆಂಪು ಚುಕ್ಕೆಗಳ ಸಿಂಗಾರ. ಪಕ್ಕದಲ್ಲೇ ಮಳೆಮರ. ಮೋಡ ಕವಿದರೂ ಸಂಜೆಯಾದರೂ ಎಲೆ ಮಡಿಚಿಕೊಳ್ಳುವ ಮರ ಅದು. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಅಮೆರಿಕ ಖಂಡದ್ದು. ಈಗ ಅವುಗಳಿಲ್ಲದ ಬೆಂಗಳೂರನ್ನು ನೆನೆಸಿಕೊಳ್ಳಲೂ ಆಗದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಊರಿನ ಮರಗಳನ್ನು ಯೋಚಿಸಿ ನೆಡಿಸಿದರು. ಬೇಸಿಗೆ ಇಳಿಯುವಾಗಲೂ ನಮ್ಮ ರಸ್ತೆಗಳು ಬಣ್ಣಗೆಡದಿರುವುದಕ್ಕೆ ಅಂಥವರ ಮುಂದಾಲೋಚನೆಯೇ ಕಾರಣ.

ಲಾಲ್‌ಬಾಗ್‌ನ ಸೊಗಸು ಬೇರೆ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟದೊಳಗೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯಿದೆ. ಏಪ್ರಿಲ್‌ನಲ್ಲಿ ಕಾಲಿಡಲಾಗದಷ್ಟು ಕಾಯುವ ಆ ಕಲ್ಲಿನ ತಗ್ಗುಗಳಲ್ಲಿ ಈಗ ನೀರು ನಿಂತಿರುತ್ತದೆ, ಮಕ್ಕಳು ಚಪ್ಪಲಿ ಕಳಚಿ ಅದರಲ್ಲಿ ಕಾಲಾಡಿಸುತ್ತಾರೆ.

ಮನೆಗೆ ಬಂದರೆ ಕುಂಡಗಳು ಕಾದಿರುತ್ತವೆ. ಬೊಗಸೆ ತುಂಬಾ ಸಿಗುತ್ತಿದ್ದ ಮಲ್ಲಿಗೆ ಮೊಗ್ಗು ದಿನೇ ದಿನೇ ಕಡಿಮೆಯಾಗುತ್ತದೆ. ಕರಿಬೇವು ತಿಳಿಹಸಿರು ಚಿಗುರು ತಳೆಯುತ್ತದೆ. ದಾಸವಾಳದ ಕಡ್ಡಿ ಊರಲು ಇದೇ ತಕ್ಕ ಸಮಯ. ಕುಂಡದಡಿಯ ತಟ್ಟೆಗಳನ್ನು ತೆಗೆದಿಡದಿದ್ದರೆ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಎಲ್ಲಕ್ಕಿಂತ ಹೆಚ್ಚು ನಾನು ಎದುರುನೋಡುವುದು ಮೇ ಫ್ಲವರ್ ಗೆಡ್ಡೆಯನ್ನು. ಎಲೆ ಒಣಗಿದ ಮೇಲೆ ತಿಂಗಳುಗಟ್ಟಲೆ ಆ ಕುಂಡದಲ್ಲಿ ಬರೀ ಮಣ್ಣು ಕಾಣುತ್ತದೆ. ಒಂದೆರಡು ಮಳೆ ಬಿದ್ದದ್ದೇ ತಡ, ಮಣ್ಣು ಬಿರಿದು ದಪ್ಪ ದಂಟು ಮೇಲೇಳುತ್ತದೆ. ತುದಿಯಲ್ಲಿ ಕೆಂಪು ಚೆಂಡಿನಂತಹ ಹೂವು. ಹತ್ತಿರ ಹೋದರೆ ತಿಳಿಯುತ್ತದೆ, ಅದು ಒಂದು ಹೂವಲ್ಲ, ಹತ್ತಾರು ಪುಟ್ಟ ಹೂಗಳ ಕೂಟ. ಒಂದೊಂದು ಕೇಸರದ ತುದಿಗೂ ಹಳದಿ ಪರಾಗ.

ಮನೆಯ ತೋಟ ನನ್ನ ಕೈಗೆ ಕೆಲಸ ಕೊಡುತ್ತದೆ. ನಾನು ಮರೆತರೆ ಅದು ಬಾಡುತ್ತದೆ, ನೆನಪಿಟ್ಟರೆ ನಳನಳಿಸುತ್ತದೆ. ಉದ್ಯಾನದಲ್ಲಿ ನಾನು ಬರೀ ಪಡೆಯುವವನು. ಆ ನೆರಳಿಗೆ ನಾನು ಒಂದು ತಂಬಿಗೆ ನೀರನ್ನೂ ಹೊತ್ತಿಲ್ಲ. ಸ್ವಂತ ತಾರಸಿಯಿಲ್ಲದವರಿಗೆ, ಒಂದೇ ಕೋಣೆಯಲ್ಲಿ ಸಂಸಾರ ಮಾಡುವವರಿಗೆ, ರಾತ್ರಿಪಾಳಿ ಮುಗಿಸಿ ಕಲ್ಲುಬೆಂಚಿನಲ್ಲಿ ಮೈಚೆಲ್ಲುವ ಕಾವಲುಗಾರನಿಗೆ ಇರುವ ತೋಟ ಅದೊಂದೇ. ಕುಂಡಕ್ಕೆ ನೀರೆರೆಯುತ್ತಾ ಕಲಿತ ಅಕ್ಕರೆ ಆ ತೋಟದವರೆಗೂ ಚಾಚಬೇಕು ಎಂದು ನನಗೆ ಅನ್ನಿಸುವುದು ಅದಕ್ಕೇ.

ಹಾಗೆ ಚಾಚುವುದೇನೂ ದೊಡ್ಡ ಕೆಲಸವಲ್ಲ. ಮರದ ಬುಡದ ಸುತ್ತ ಕಾಂಕ್ರೀಟು ಬಿಗಿದಿದ್ದರೆ ತೆಗೆಸಿ ಎಂದು ಕೇಳುವುದು, ಒಣಗಿದ ಎಲೆಗೆ ಬೆಂಕಿ ಹಚ್ಚುವವರನ್ನು ತಡೆದು ಅದನ್ನು ಗೊಬ್ಬರವಾಗಿಸುವುದು, ಬಡಾವಣೆಯ ಪಾರ್ಕಿಗೆ ಒಂದು ಹೊಂಗೆ ಸಸಿ ನೆಟ್ಟು ಮುಂದಿನ ಬೇಸಿಗೆಯವರೆಗೆ ನೋಡಿಕೊಳ್ಳುವುದು. ನೆಲ ಹದವಾಗಿರುವ ಈ ವಾರಗಳಲ್ಲೇ ಅದನ್ನು ಶುರುಮಾಡೋಣ. ಯಾರೋ ನೆಟ್ಟ ಮರದ ಕೆಳಗೆ ಈ ಬೇಸಿಗೆ ಕಳೆದವರು ನಾವು. ಮುಂದೆ ಬರುವವರ ಬೇಸಿಗೆಗೂ ನೆರಳು ಬೇಕಲ್ಲ!