ಎತ್ತುವುದೂ ಹಿಡಿಯುವುದೂ

ಮೂವತ್ತುನಾಲ್ಕು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಸಮಾಸಗಳನ್ನೂ ಬಾಯಿಪಾಠ ಮಾಡಿಸಿದ ಮೇಷ್ಟರೊಬ್ಬನು ಅರುವತ್ತಾರನೆಯ ವಯಸ್ಸಿನಲ್ಲಿ ಭಾರವೆತ್ತುವ ಜಾಕೊಂದನ್ನು ಕೊಳ್ಳುವುದಕ್ಕಾಗಿ ಪೇಟೆಯಿಂದ ಪೇಟೆಗೆ ಅಲೆದನೆಂದರೆ ವಾಚಕರಿಗೆ ನಗು ಬಂದೀತು. ನಮ್ಮ ಮನೆಯವರಿಗೂ ಬಂದಿತು. "ಭಾರವೆತ್ತುವ ವಯಸ್ಸೇ ಇದು?" ಎಂದು ಆಕೆ ಕೇಳಿದುದಕ್ಕೆ, "ವಯಸ್ಸಾದವರಿಗೇ ಅಲ್ಲವೇ ಯಂತ್ರ ಬೇಕಾಗುವುದು?" ಎಂದು ಸಮಾಧಾನ ಹೇಳಿ ಹೊರಟೆನು. ನಿಜವಾದ ಕಾರಣವನ್ನು ಆಗ ಆಕೆಗೂ ಹೇಳಲಿಲ್ಲ.

ನಮ್ಮದು ಹಾಸನದ ಸೀಮೆಯ ಹಳ್ಳಿಯೊಂದರಲ್ಲಿರುವ ತೊಟ್ಟಿಯ ಮನೆ. ನಮ್ಮ ಅಜ್ಜನವರು ಕಟ್ಟಿಸಿದುದು. ತೊಟ್ಟಿಯ ಸುತ್ತಲೂ ಎಂಟು ಮರದ ಕಂಬಗಳು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಂಚು. ಕಳೆದ ಮಳೆಗಾಲದಲ್ಲಿ ಈಶಾನ್ಯದ ಕಂಬದ ಬುಡವು ತೇವದಿಂದ ಕೊಳೆತು, ಉಳಿದುದನ್ನು ಗೆದ್ದಲು ತಿಂದು, ಕಂಬವು ಎರಡು ಬೆರಳಿನಷ್ಟು ಕುಸಿಯಿತು. ಅದರೊಡನೆ ತೊಲೆಯೂ ಬಾಗಿತು. ಹಂಚುಗಳು ಒಂದೊಂದಾಗಿ ಜಾರತೊಡಗಿದುವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಬಂದು ನೋಡಿ, "ಅಪ್ಪಾ, ಇದನ್ನು ಕೆಡವಿ ಸಣ್ಣದೊಂದು ತಾರಸಿ ಮನೆ ಕಟ್ಟಿಸಿಬಿಡೋಣ. ಈ ಕಂಬ ಸರಿಮಾಡಿದರೆ ನಾಳೆ ಇನ್ನೊಂದು" ಎಂದನು. ಅವನ ಮಾತು ಅವಿವೇಕದ್ದೆಂದು ಹೇಳಲಾರೆ. ಯುಗಾದಿಯೊಳಗೆ ಕಂಬವು ನೆಟ್ಟಗೆ ನಿಲ್ಲದಿದ್ದರೆ ನೀನು ಹೇಳಿದಂತೆಯೇ ಆಗಲಿ ಎಂದು ಒಪ್ಪಿಕೊಂಡೆನು.

ನಮ್ಮೂರಿನ ಬಡಗಿ ಆಚಾರ್ಯರನ್ನು ಕರೆಸಿದೆನು. ಅವರು ಕಂಬವನ್ನು ಉಳಿಯಿಂದ ತಟ್ಟಿ ನೋಡಿ, "ಮೇಲೆಲ್ಲ ಗಟ್ಟಿಯಾಗಿದೆ ಮೇಷ್ಟ್ರೇ. ತೊಲೆಯನ್ನು ಒಂದಿಷ್ಟು ಎತ್ತಿ ಹಿಡಿದರೆ ಬುಡ ಕತ್ತರಿಸಿ ಕೆಳಗೆ ಕಲ್ಲಿನ ಪೀಠ ಕೊಡಬಹುದು. ನಾಲ್ಕು ಆಳು ಹಾಕಿ ಮೀಟಿಸೋಣ, ಇಲ್ಲ ನೀವೊಂದು ಜಾಕು ತನ್ನಿ" ಎಂದರು. ಮೀಟಿಸುವ ಮಾತು ಕಿವಿಗೆ ಬಿದ್ದೊಡನೆಯೇ ನಾನು, "ಮೀಟುವುದು ಬೇಡ ಆಚಾರ್ರೇ, ಜಾಕು ತರುತ್ತೇನೆ" ಎಂದುಬಿಟ್ಟೆನು.

1971ನೆಯ ಇಸವಿಯ ಮಾತು. ನನಗೆ ಆಗ ಹದಿಮೂರು ವರ್ಷ, ತಮ್ಮನಿಗೆ ಹತ್ತು. ಸಂತೆಗೆ ಹೊರಡುವ ಮುಂಚೆ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂದು ತಂದೆಯವರು ಹೇಳಿ ಹೊಲದ ಕಡೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ನಾವೇ ಮಾಡಿಟ್ಟು ಮೆಚ್ಚಿಗೆ ಪಡೆಯಬೇಕೆಂದು ನಮಗೆ ಆಸೆಯಾಯಿತು. ಕಲ್ಲೊಂದನ್ನು ಆಧಾರವಾಗಿಟ್ಟು ಉದ್ದನೆಯ ಮರದಿಂದ ಅಚ್ಚನ್ನು ಮೀಟಿದೆನು. ಗಾಡಿ ಎದ್ದಿತು! ಆ ಕ್ಷಣದ ಹೆಮ್ಮೆಯು ಈಗಲೂ ನೆನಪಿನಲ್ಲಿದೆ. ತಮ್ಮನು ಚಕ್ರವನ್ನು ಹೊರಕ್ಕೆ ಸರಿಸಿ ಎಣ್ಣೆ ಬಳಿಯಲು ಕೈಯಿಟ್ಟನು. ಬೆವರಿದ ನನ್ನ ಕೈ ಜಾರಿತು. ಚಕ್ರದ ನಾಭಿಗೂ ಅಚ್ಚಿಗೂ ನಡುವೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳು ಹೋದುವು. ತಂದೆಯವರ ಮುಂದೆ ಅವನು, "ಅಣ್ಣಯ್ಯನದೇನೂ ತಪ್ಪಿಲ್ಲ, ನಾನೇ ಅವಸರಪಟ್ಟೆ" ಎಂದನು. ಐವತ್ತು ವರ್ಷಗಳು ಮೀರಿದುವು. ಆ ದಿನದ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಿದುದಿಲ್ಲ.

ಇಷ್ಟು ಹೇಳಿದ ಮೇಲೆ ನಾನು ಅಂಗಡಿಯಲ್ಲಿ ಕೇಳಿದ ಪ್ರಶ್ನೆ ವಾಚಕರಿಗೆ ವಿಚಿತ್ರವಾಗಿ ತೋರಲಾರದು. ಹಾಸನದ ಅಂಗಡಿಯವನು ಸೀಸೆಯಾಕಾರದ ಎಣ್ಣೆಯ ಜಾಕನ್ನು ಮುಂದಿಟ್ಟು, ಅದು ಐದು ಟನ್ನು ಎತ್ತುವುದೆಂದನು. ಮುಚ್ಚಿದ ಎಣ್ಣೆಯನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬುದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ತೋರಿಸಿಕೊಟ್ಟ ನಿಯಮ. ಸಣ್ಣ ಕೊಳವೆಯಲ್ಲಿ ಒತ್ತಿ ದೊಡ್ಡ ಕೊಳವೆಯಲ್ಲಿ ಬಲವನ್ನು ಪಡೆಯುವ ಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮನು 1795ರಲ್ಲಿ ಹಕ್ಕುಪತ್ರ ಪಡೆದನು. ಈ ಜಾಕು ಆ ವಂಶದ್ದೇ. ಹಿಡಿಯನ್ನು ನಾಲ್ಕು ಬಾರಿ ಒತ್ತಿದೆನು. ಮಗುವಿನ ಆಟದಂತೆ ಏರಿತು. "ಕೈಬಿಟ್ಟರೆ?" ಎಂದು ಕೇಳಿದೆನು. "ನಿಲ್ಲುತ್ತದೆ ಸ್ವಾಮೀ" ಎಂದು ಹೇಳಿ, ಅವನು ಪ್ರಾಮಾಣಿಕನಾದುದರಿಂದ ಮುಂದುವರಿದು, "ಆದರೆ ರಾತ್ರಿಯೆಲ್ಲ ಇದರ ಮೇಲೇ ಭಾರ ಬಿಡಬೇಡಿ. ಒಳಗಿನ ರಬ್ಬರು ಬಳೆ ಸವೆದಿದ್ದರೆ ಎಣ್ಣೆ ಸೋರಿ ಮೆಲ್ಲಗೆ ಇಳಿಯುತ್ತದೆ" ಎಂದನು. ಅವನಿಗೆ ವಂದಿಸಿ ಬರಿಗೈಯಲ್ಲಿ ಹಿಂದಿರುಗಿದೆನು.

ಮುಂದಿನ ವಾರ ಬೆಂಗಳೂರಿಗೆ ಹೋದಾಗ, ಪುರಭವನದ ಬಳಿಯಿಂದ ಹೊರಡುವ ಜಯಚಾಮರಾಜೇಂದ್ರ ರಸ್ತೆಯಲ್ಲಿ ಮೋಟಾರಿನ ಬಿಡಿಭಾಗಗಳ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆನು. ಕಡೆಗೊಂದು ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದ ತಿರುಪಿನ ಜಾಕು ಕಣ್ಣಿಗೆ ಬಿದ್ದಿತು. ಎರಕದ ಕಬ್ಬಿಣದ ಗಿಡ್ಡ ಗೋಪುರ. ನಡುವೆ ದಪ್ಪ ತಿರುಪು. ಅದರ ತಲೆಯ ರಂಧ್ರದಲ್ಲಿ ತೂರಿಸಿ ತಿರುಗಿಸಲು ಒಂದು ಸಲಾಕೆ. "ಇದು ನಿಧಾನ ಯಜಮಾನರೇ, ಎಣ್ಣೆಯದನ್ನೇ ತೆಗೆದುಕೊಳ್ಳಿ" ಎಂದು ವರ್ತಕರು ಹೇಳಿದರು. ನಾನು ಕಾಗದ ತೆಗೆದು ಲೆಕ್ಕ ಹಾಕಿದೆನು. ಸಲಾಕೆಯ ಉದ್ದ 60 ಸೆಂಟಿಮೀಟರು. ಕೈ ಒಂದು ಸುತ್ತು ಬಂದರೆ ಸುಮಾರು 377 ಸೆಂಟಿಮೀಟರು ನಡೆಯಿತು. ಅಷ್ಟರಲ್ಲಿ ತಿರುಪು ಏರುವುದು 12 ಮಿಲಿಮೀಟರು ಮಾತ್ರ. ಎಂದರೆ ಲೆಕ್ಕದ ಮಟ್ಟಿಗೆ ಬಲವು ಮುನ್ನೂರು ಪಾಲಿಗೂ ಹೆಚ್ಚಾಗಬೇಕು. ಆದರೆ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವ ಘರ್ಷಣೆಯು ನಮ್ಮ ಶ್ರಮದಲ್ಲಿ ಅರ್ಧಕ್ಕಿಂತಲೂ ಹೆಚ್ಚನ್ನು ನುಂಗಿಬಿಡುವುದು. ಇದು ನಷ್ಟವೆಂದು ಯಾರಾದರೂ ಹೇಳಿಯಾರು. ಆದರೆ ಈ ಕಳ್ಳನೇ ಕಾವಲುಗಾರನೂ ಹೌದು: ಏರುವಾಗ ನಮ್ಮನ್ನು ತಡೆಯುವ ಘರ್ಷಣೆಯೇ ಭಾರವು ತಿರುಪನ್ನು ಹಿಂದಕ್ಕೆ ತಿರುಗಿಸಿ ಇಳಿಯದಂತೆಯೂ ತಡೆಯುವುದು. ಕೈಬಿಟ್ಟರೂ ಅದು ಬಿಡದು. ಎಣ್ಣೆಯ ಜಾಕಿಗಿಂತ ಆರುನೂರು ರೂಪಾಯಿ ಹೆಚ್ಚು ತೆತ್ತು ಅದನ್ನೇ ಕೊಂಡೆನು.

ಕೊಳ್ಳುವವರು ನೋಡಬೇಕಾದ ಇನ್ನೆರಡು ಸಂಗತಿಗಳನ್ನು ಆ ವರ್ತಕರೇ ತಿಳಿಸಿದರು. ಮೈಮೇಲೆ ಕೆತ್ತಿದ ತೂಕವು ನಾವು ಎತ್ತಬೇಕಾದುದಕ್ಕಿಂತ ಬಹಳ ಹೆಚ್ಚಾಗಿರಬೇಕು. ಪೂರಾ ಇಳಿಸಿದಾಗಿನ ಎತ್ತರವನ್ನೂ ಪೂರಾ ಏರಿಸಿದಾಗಿನ ಎತ್ತರವನ್ನೂ ಮನೆಯ ಅಳತೆಯೊಡನೆ ಹೋಲಿಸಿಕೊಳ್ಳಬೇಕು. ಎಷ್ಟು ಬಲವಿದ್ದರೂ ಸಂದಿಯಲ್ಲಿ ಹಿಡಿಸದ ಜಾಕು ನಿರರ್ಥಕ.

ಮಾಘದ ಒಂದು ಬೆಳಿಗ್ಗೆ ಕೆಲಸ ಪ್ರಾರಂಭವಾಯಿತು. ಕರೆಯದಿದ್ದರೂ ತಮ್ಮನು ಬಂದಿದ್ದನು. ಆಚಾರ್ಯರು ನೆಲದ ಮೇಲೆ ದಪ್ಪ ಹಲಗೆ ಹಾಸಿ, ಅದರ ಮೇಲೆ ಜಾಕು, ಜಾಕಿನ ತಲೆಯಿಂದ ತೊಲೆಯವರೆಗೆ ಹೊನ್ನೆಯ ಮರದ ತುಂಡೊಂದನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಎರಡು ಪಕ್ಕಗಳಲ್ಲಿಯೂ ಬೇರೆ ಎರಡು ಮರಗಳನ್ನು ತೊಲೆಗೆ ಊರುಗೊಟ್ಟು, ಅವುಗಳ ಬುಡದಲ್ಲಿ ಬೆಣೆಗಳನ್ನಿಟ್ಟರು. "ಇವೇಕೆ ಆಚಾರ್ರೇ? ಈ ಜಾಕು ಕೈಬಿಟ್ಟರೂ ಇಳಿಯುವುದಿಲ್ಲ" ಎಂದು ನನ್ನ ಲೆಕ್ಕವನ್ನೆಲ್ಲ ಒಪ್ಪಿಸಿದೆನು. ಅವರು ನಕ್ಕು, "ಇಳಿಯದೆ ಇರಬಹುದು, ವಾಲಬಹುದಲ್ಲ? ಜಾಕು ಇರುವುದು ಎತ್ತುವುದಕ್ಕೆ ಮೇಷ್ಟ್ರೇ, ಹೊರುವುದಕ್ಕಲ್ಲ. ಹೊರುವುದಕ್ಕೆ ಇವು" ಎಂದು ಬೆಣೆಯನ್ನು ಬಡಿದರು.

ಪಾಠಶಾಲೆಯಲ್ಲಿ ಓದಿದುದು ನನಗೆ ಆಗ ನೆನಪಾಯಿತು. ರಾವಣನು ಕೈಲಾಸವನ್ನೆತ್ತಿದನು, ಎತ್ತುವ ಬಲವಿದ್ದಿತು, ಶಿವನು ಕಾಲ್ಬೆರಳಿನಿಂದ ಅದುಮಲು ಅವನ ಕೈಗಳೇ ಅಡಿಯಲ್ಲಿ ಸಿಕ್ಕಿ ಕೂಗಿಕೊಂಡನು. ಕೃಷ್ಣನು ಗೋವರ್ಧನವನ್ನೆತ್ತಿ ಏಳು ದಿನ ಹಿಡಿದನು. ಆದರೂ ಗೋಪಾಲರು ತಮ್ಮ ಕೋಲುಗಳನ್ನೂ ಊರಿ ನಿಂತರೆಂದು ಹರಿಕಥೆ ಮಾಡುವವರು ಸೇರಿಸಿ ಹೇಳುವುದುಂಟು. ಆ ಕೋಲುಗಳನ್ನು ಕುರಿತು ನಾನು ಇದುವರೆಗೆ ನಕ್ಕಿದ್ದೆನು; ಇನ್ನು ನಗಲಾರೆ.

ಸಲಾಕೆಗೆ ನಾನು ಕೈ ಹಾಕುವ ಮುಂಚೆಯೇ ತಮ್ಮನು ಅದನ್ನು ಹಿಡಿದಿದ್ದನು, ಮೂರು ಬೆರಳಿನ ಬಲಗೈಯಿಂದ. ಕಾಲು ಸುತ್ತು ತಿರುಗಿಸುವನು. ಆಚಾರ್ಯರು ಬೆಣೆ ಬಡಿಯುವರು. ಮತ್ತೆ ಕಾಲು ಸುತ್ತು. ತೊಲೆಯು ನರಳುತ್ತಾ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಏರಿತು. ನಾಲ್ಕು ಸುತ್ತಿನ ಕೆಲಸಕ್ಕೆ ಮಧ್ಯಾಹ್ನವಾಯಿತು. ಬುಡವನ್ನು ಕತ್ತರಿಸಿ ಕಲ್ಲನ್ನು ಒಳಗೆ ಸರಿಸುವ ಸಮಯದಲ್ಲಿ ತಮ್ಮನು ಬಗ್ಗಿ ಕೈಯಿಡಲು ಹೋದನು. ನಾನು ಅರಿಯದೆಯೇ ಅವನ ತೋಳನ್ನು ಹಿಡಿದುಕೊಂಡೆನು. ಅವನು ನನ್ನ ಮುಖವನ್ನು ನೋಡಿ, ಮೆಲ್ಲನೆ, "ಬೆಣೆ ಇದೆ ಅಣ್ಣಯ್ಯ. ಅಂದು ಅಚ್ಚಿನ ಕೆಳಗೆ ಒಂದು ದಿಂಡು ಕೊಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದನು.

ಐವತ್ತು ವರ್ಷ ನನ್ನ ಕೈಯನ್ನೇ ದೂರುತ್ತಾ ಬಂದಿದ್ದೆನು. ಕೈ ಜಾರದವನು ಯಾರು? ಜಾರುವುದೆಂದು ಮೊದಲೇ ಬಗೆದು ಅಡಿಗೊಂದು ಮರದ ತುಂಡನ್ನಿಡುವುದನ್ನು ಕಲಿಸದೆ ಹೋದುದು ಆ ದಿನದ ದೋಷ.

ಕಂಬವು ಈಗ ಕಲ್ಲಿನ ಪೀಠದ ಮೇಲೆ ನೆಟ್ಟಗೆ ನಿಂತಿದೆ. ಯುಗಾದಿಗೆ ಬಂದ ಮಗನು ಅದನ್ನು ತಟ್ಟಿ ನೋಡಿ ತಾರಸಿಯ ಮಾತನ್ನು ಎತ್ತಲಿಲ್ಲ. ಮಿಕ್ಕ ಏಳು ಕಂಬಗಳ ಬುಡವನ್ನೂ ಒಮ್ಮೆ ನೋಡಿಸಿ ಎಂದಷ್ಟೇ ಹೇಳಿ ಹೋದನು. ಜಾಕು ನಡುಮನೆಯ ಮೂಲೆಯಲ್ಲಿದೆ. ಊರಿನವರು ಕೇಳಿದರೆ ಸಂತೋಷದಿಂದ ಕೊಡುತ್ತೇನೆ. ಅದರ ಸಂಗಡ ನಾಲ್ಕು ಬೆಣೆಗಳಿರುವ ಚೀಲವೊಂದನ್ನು ಕಟ್ಟಿಟ್ಟಿದ್ದೇನೆ. ಚೀಲವನ್ನು ಬಿಟ್ಟು ಜಾಕನ್ನು ಮಾತ್ರ ಒಯ್ಯಲು ಬಂದವರನ್ನು ಹಿಂದಕ್ಕೆ ಕಳುಹಿಸುತ್ತೇನೆ.